ಜಂತಿಗೆ ತೂಗಿದ ಸೈಕಲ್ಲು

ಹುಡುಗ ಸೈಕಲ್ಲಿನಿಂದ ಬಿದ್ದರೆ "ಗಂಡಸ ಅದಾನ, ಏಳ್ತಾನ ಬಿಡ್ರಿ" ಎಂದು ಮಂದಿ ತಮ್ಮ ದಾರಿ ಹಿಡಿಯುತ್ತಾರೆ. ಹುಡುಗಿ ಬಿದ್ದರೆ ಗಾಯಕ್ಕೆ ಅರಿಷಿಣ ಹಚ್ಚುವವರು ಒಬ್ಬರು, ಬುದ್ಧಿ ಹೇಳುವವರು ನೂರು ಮಂದಿ. ಅಲ್ಲಿಗೆ ಆ ಮನೆಯಲ್ಲಿ ಸೈಕಲ್ಲಿನ ಋಣ ತೀರಿತು. ಹುಬ್ಬಳ್ಳಿಯ ಹತ್ತಿರ ಸುಳ್ಳ ಎಂಬ ಹಳ್ಳಿಯಿದೆ, ಅಲ್ಲಿನ ಸೃಷ್ಟಿಯ ಮನೆಯಲ್ಲೂ ಹೀಗೇ ಆಯಿತು. ಅವಳ ಅಪ್ಪ ಶಿದ್ದಪ್ಪ ಸೈಕಲ್ಲಿಗೆ ಎತ್ತಿನ ಹಗ್ಗ ಬಿಗಿದು, ಪಡಸಾಲೆಯ ಜಂತಿಗೆ ತೂಗುಹಾಕಿಬಿಟ್ಟ.

ಮೊದಲು ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಚಿನ್ಮಯೀ. ಧಾರವಾಡದ ಸಪ್ತಾಪುರದಲ್ಲಿ ಮನೆ, ಕಾಲೇಜಿನಲ್ಲಿ ಭೂಗೋಳ ಕಲಿಸುವ ಕೆಲಸ, ವಯಸ್ಸು ಐವತ್ತೆರಡು. ಪ್ರತಿ ಭಾನುವಾರ ನಾವು ಒಂದಿಷ್ಟು ಹೆಣ್ಣುಮಕ್ಕಳು ಕೂಡಿ ಸೈಕಲ್ ಹೊಡೆಯುತ್ತೇವೆ. ಮೂವತ್ತು ಕಿಲೋಮೀಟರು, ಹುಮ್ಮಸ್ಸು ಬಂದರೆ ಐವತ್ತು. ಮನೆಯವರು ಇದಕ್ಕೆ ವ್ಯಾಯಾಮ ಎನ್ನುತ್ತಾರೆ. ಕೊನೆಗೆ ಎಲ್ಲರೂ ಗಿರ್ಮಿಟ್ಟು, ಮಿರ್ಚಿಭಜಿ ತಿಂದೇ ಮನೆಗೆ ಹೋಗುವುದರಿಂದ ಆ ಮಾತನ್ನು ನಾನು ಒಪ್ಪುವುದಿಲ್ಲ. ಇದು ಬರೀ ಖುಷಿ.

ಸೃಷ್ಟಿ ನಮ್ಮ ಗುಂಪಿಗೆ ಬಂದು ಎರಡು ವರ್ಷ. ಇಪ್ಪತ್ತೊಂದರ ಹುಡುಗಿ, ಮಾತು ಕಡಿಮೆ, ಕಾಲಲ್ಲಿ ಕಸುವು ಬಹಳ. ನನ್ನ ಹಳೆಯ ಸೈಕಲ್ಲನ್ನು ನಾನೇ ಅವಳಿಗೆ ಕೊಟ್ಟಿದ್ದೆ. ತೆಳ್ಳನೆಯ ಗಾಲಿ, ಟಗರಿನ ಕೊಂಬಿನ ಹಾಗೆ ಬಗ್ಗಿದ ಹ್ಯಾಂಡಲ್ಲು, ಒಂದೇ ಕೈಯಲ್ಲಿ ಎತ್ತುವಷ್ಟು ಹಗುರ. ಆ ಸೈಕಲ್ಲಿನ ಮೇಲೆ ಅವಳು ದಿನಾ ಬೆಳಿಗ್ಗೆ ಹನ್ನೆರಡು ಕಿಲೋಮೀಟರು ಹೊಡೆದು ಹುಬ್ಬಳ್ಳಿಯ ಒಂದು ರಕ್ತ ತಪಾಸಣೆಯ ಲ್ಯಾಬಿಗೆ ಕೆಲಸಕ್ಕೆ ಹೋಗುತ್ತಿದ್ದಳು. ರಕ್ತ ಕೊಡುವವರು ಬರಿಹೊಟ್ಟೆಯಲ್ಲಿ ಬರುತ್ತಾರಲ್ಲ, ಆರೂವರೆಗೇ ಬಾಗಿಲು ತೆಗೆಯಬೇಕು. ಊರಿನ ಮೊದಲ ಬಸ್ಸು ಹುಬ್ಬಳ್ಳಿ ಮುಟ್ಟುವಾಗ ಎಂಟಾಗುತ್ತದೆ. ಅಂದರೆ ಸೈಕಲ್ಲು ಇದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ.

ದಸರೆಯ ಮುಂದಿನ ಭಾನುವಾರ ಅವಳು ಸವಾರಿಗೆ ಬರಲಿಲ್ಲ. ಫೋನು ಬಂತು.

"ಮೇಡಂ, ಇವತ್ತ ಬರಾಂಗಿಲ್ರಿ. ಇನ್ನ ಮುಂದನೂ ಬರಾಂಗಿಲ್ಲ."

ಆಗಿದ್ದು ಇಷ್ಟು. ಬುಧವಾರ ಖಂಡೇನವಮಿ, ಗುರುವಾರ ಬನ್ನಿ ಹಂಚುವ ಹಬ್ಬ. ಶುಕ್ರವಾರ ಬೆಳಿಗ್ಗೆ ಸೃಷ್ಟಿ ಎಂದಿನಂತೆ ಕೆಲಸಕ್ಕೆ ಹೊರಟಳು. ಊರಾಚೆ ಹಳ್ಳದ ಸೇತುವೆಗೆ ಇಳಿಯುವ ಇಳಿಜಾರಿನಲ್ಲಿ ಕುರಿಯ ಹಿಂಡು ಅಡ್ಡ ಬಂತು. ಅವಳು ಬ್ರೇಕು ಒತ್ತಿದಳು, ಸೈಕಲ್ಲು ನಿಲ್ಲಲಿಲ್ಲ. ಕುರಿಗಳ ಮೇಲೆ ಹೋಗಬಾರದೆಂದು ಹ್ಯಾಂಡಲ್ಲು ತಿರುಗಿಸಿದವಳು ಪಕ್ಕದ ಹತ್ತಿ ಹೊಲಕ್ಕೆ ಉರುಳಿ, ಬದುವಿನ ಕಲ್ಲಿಗೆ ಬಡಿದಳು. ಎಡಗೈ ಮಣಿಕಟ್ಟು ಉಳುಕಿತು, ಗದ್ದಕ್ಕೆ ಮೂರು ಹೊಲಿಗೆ ಬಿದ್ದವು. ಹೆಲ್ಮೆಟ್ಟು ಬಿರುಕು ಬಿಟ್ಟಿತು, ಅದರ ಒಳಗಿದ್ದ ತಲೆಗೆ ಏನೂ ಆಗಲಿಲ್ಲ.

"ಲ್ಯಾಬಿನ ಡಾಕ್ಟರು ಇನ್ನೊಂದು ಸೋಮವಾರದ ತನಕ ಸೂಟಿ ಕೊಟ್ಟಾರ್ರಿ. ಆಮ್ಯಾಲ ಬ್ಯಾರೆಯವರನ್ನ ತಗೋತಾರಂತ. ಅಪ್ಪ ನೋಡಿದ್ರ ಸೈಕಲ್ ಜಂತಿಗೆ ಕಟ್ಯಾನ," ಎಂದಳು ಸೃಷ್ಟಿ. ಕೆಲಸಕ್ಕೆ ಸೇರಿ ಇನ್ನೂ ಒಂಬತ್ತು ತಿಂಗಳಾಗಿತ್ತು.

ಮಂಗಳವಾರ ನಾನು ಸುಳ್ಳಕ್ಕೆ ಹೊರಟೆ. ಕಾಲೇಜಿಗೆ ರಜೆ, ಹೋಗಲು ಸೈಕಲ್ಲೇ. ಐದೂಮುಕ್ಕಾಲಿಗೆ ಮನೆ ಬಿಟ್ಟಾಗ ಇನ್ನೂ ಮಬ್ಬು. ಹಿಂದಿನ ಕೆಂಪು ದೀಪ ಹಚ್ಚಿಕೊಂಡೆ. ನವಲೂರು ದಾಟುವ ಹೊತ್ತಿಗೆ ಮೈ ಬೆಚ್ಚಗಾಗಿ, ಉಸಿರಿಗೂ ಕಾಲಿಗೂ ತಾಳ ಕೂಡಿತ್ತು. ಇದು ಕಾರಿನಲ್ಲಿ ಕೂತವರಿಗೆ ತಿಳಿಯುವ ಸುಖವಲ್ಲ. ಎಲ್ಲಿ ಬೇಕರಿಯ ಒಲೆ ಹೊತ್ತಿದೆ, ಎಲ್ಲಿ ರಾತ್ರಿ ಮಳೆಯಾಗಿದೆ ಎಂದು ಮೂಗೇ ಹೇಳುತ್ತದೆ. ಉಣಕಲ್ ಕೆರೆಯ ಹತ್ತಿರ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಅಲ್ಲೇ ಒಂದು ಚಹಾ, ಎರಡು ಗುಟುಕು ನೀರು. ಕೆಲಸಕ್ಕೆ ಹೋಗುವ ಹಾದಿಯಲ್ಲಿ ಸೃಷ್ಟಿಗೆ ದಿನಾ ಸಿಗುವ ಈ ಸುಖ ಯಾವ ಆಫೀಸರಿಗೂ ಸಿಗುವುದಿಲ್ಲ ಎಂದುಕೊಂಡೇ ಮುಂದೆ ಹೋದೆ.

ಶಿದ್ದಪ್ಪ ಬಾಗಿಲಲ್ಲೇ ಇದ್ದ. ಐವತ್ತು ದಾಟಿದ ರೈತ, ತಲೆಗೆ ಬಿಳಿ ಪಟಕಾ, ಮಾತಿನಲ್ಲಿ ಮರ್ಯಾದೆಗೆ ಕೊರತೆಯಿಲ್ಲ.

"ಬರ್ರಿ ಅಕ್ಕಾರ. ಧಾರವಾಡದಿಂದ ಇದರ ಮ್ಯಾಲ ಬಂದ್ರೇನು?"

"ಹೌದ್ರಿ."

"ನಿಮ್ಮ ಮನ್ಯಾಗ ಯಾರೂ ಬ್ಯಾಡ ಅನ್ನಾಂಗಿಲ್ಲೇನ್ರಿ?"

"ಅಂತಾರ. ನಾ ಕೇಳ್ಬೇಕಲ್ರಿ."

ಅವನು ನಕ್ಕ. ನನಗೆ ಆಸೆ ಹುಟ್ಟಿತು. ಅವನ ಹೆಂಡತಿ ಫಕೀರವ್ವ ಚಹಾ ತಂದಳು, ಪಕ್ಕದ ಮನೆಯ ಕಲ್ಲೇಶ ಕರೆಯದೆ ಬಂದು ಕಟ್ಟೆಯ ಮೇಲೆ ಕೂತ. ಮೇಲೆ ಜಂತಿಯಲ್ಲಿ ನನ್ನ ಹಳೆಯ ಸೈಕಲ್ಲು ಮೈತುಂಬ ಕರಿಮಣ್ಣು ಮೆತ್ತಿಕೊಂಡು ತೂಗುತ್ತಿತ್ತು.

"ಅಕ್ಕಾರ, ಸೈಕಲ್ ಒಂದ ಬಿಟ್ಟು ಬ್ಯಾರೆ ಏನ ಬೇಕಾದ್ರೂ ಮಾತಾಡ್ರಿ," ಎಂದ ಶಿದ್ದಪ್ಪ. "ಹಂಗಂತ ತಪ್ಪು ಸೈಕಲ್ದಲ್ಲ. ಈಕಿದು. ಆ ಹಳ್ಳದ ಇಳಕಲದಾಗ ವಿಮಾನ ಬಿಟ್ಟಂಗ ಬಿಟ್ಟಾಳ."

"ಅಪ್ಪಾ, ನಾ ಜೋರ ಬಿಟ್ಟಿಲ್ಲ. ಎರಡೂ ಬ್ರೇಕ್ ಒತ್ತೇನಿ. ಹತ್ತಲಿಲ್ಲ," ಎಂದಳು ಸೃಷ್ಟಿ. ಗದ್ದದ ಹೊಲಿಗೆಯಿಂದಾಗಿ ಬಾಯಿ ಪೂರ್ತಿ ತೆರೆಯಲಾಗುತ್ತಿರಲಿಲ್ಲ.

"ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ," ಎಂದ ಕಲ್ಲೇಶ. ಆ ಮಾತು ಆಗಲೇ ಊರೆಲ್ಲ ಸುತ್ತಿ ಬಂದಿತ್ತೆಂದು ಅವನ ನಗೆಯೇ ಹೇಳಿತು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಬಚ್ಚಿಡುವುದಿಲ್ಲ. ಅವಳ ಕಡೆ ತಿರುಗಿ, ಮೆಲ್ಲಗೆ, ತಾಯಿಯ ಹಾಗೆ ಕೇಳಿದೆ: "ಸ್ವಲ್ಪ ಜೋರಿತ್ತೇನವಾ? ಖರೇ ಹೇಳು. ನಿನ್ನ ವಯಸ್ಸಿನ್ಯಾಗ ನಾನೂ ಬಿಡ್ತಿದ್ದೆ."

ಸೃಷ್ಟಿ ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಎದ್ದು ಒಳಗೆ ಹೋದಳು. ಅಪ್ಪ ನಂಬದಿದ್ದಾಗ ಬರದ ಕಣ್ಣೀರು ಅವಳಿಗೆ ಆಗ ಬಂತೆಂದು ಫಕೀರವ್ವ ನನಗೆ ನಂತರ ಹೇಳಿದಳು. ಅದನ್ನು ನೆನೆದರೆ ಇಂದಿಗೂ ನನಗೆ ನಾಚಿಕೆಯಾಗುತ್ತದೆ.

ಮನಸ್ಸು ಕೆಟ್ಟು ಹೊರಟವಳು ನೇರ ಮನೆಗೆ ಹೋಗದೆ, ಸುತ್ತು ಬಿದ್ದರೂ ಗಬ್ಬೂರಿಗೆ ಹೋದೆ. ಅಲ್ಲಿ ಬೈಪಾಸ್ ರಸ್ತೆಯ ಹತ್ತಿರ ಶರೀಫಾಬಿಯ ಸೈಕಲ್ ರಿಪೇರಿ ಅಂಗಡಿ ಇದೆ. ಐವತ್ತೆಂಟರ ಹೆಂಗಸು, ಗಂಡನಿಂದ ಕಲಿತ ಕೆಲಸ. ಈಗ ಗಂಡ ಶರೀಫಸಾಬರು ಗಿರಾಕಿಗಳಿಗೆ ಚಹಾ ತರುತ್ತಾರೆ, ಪಾನಾ ಹಿಡಿದು ನಟ್ಟು ತಿರುವುವುದು ಶರೀಫಾಬಿ. ನಾಲಿಗೆ ಸ್ವಲ್ಪ ಖಾರ, ಕೈ ಮಾತ್ರ ಬಂಗಾರ. ನಾನು ನಡೆದುದೆಲ್ಲ ಹೇಳಿದೆ.

"ಸೈಕಲ್ ನೋಡಿದ್ರೇನು?" ಎಂದು ಕೇಳಿದಳು.

"ನೋಡಿದೆ. ಜಂತಿಗೆ ತೂಗಿಬಿಟ್ಟಾರ."

"ನೋಡೋದು ಅಂದ್ರ ಹಂಗಲ್ರಿ. ಗಾಲಿ ತಿರುವಿ, ಬ್ರೇಕ್ ಒತ್ತಿ ನೋಡಿದ್ರೇನು?"

"ಇಲ್ಲ."

"ಮತ್ತ ಹುಡುಗೀದ ತಪ್ಪು ಅಂತ ಹೆಂಗ ಹೇಳಿದ್ರಿ? ಹೊಟ್ಟಿಬ್ಯಾನಿ ಅಂತ ಬಂದವರಿಗೆ ಹೊಟ್ಟಿ ಮುಟ್ಟಿ ನೋಡದ ಔಷಧ ಕೊಡತಾರೇನ್ರಿ?"

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರೆ. ನಾನು ಕಂಡೂ ಇರಲಿಲ್ಲ.

"ಗುರುವಾರ ಅಂಗಡಿ ಅವರ ನೋಡ್ಕೋತಾರ. ನಾ ನಿಮ್ಮ ಜೋಡಿ ಬರತೇನಿ," ಎಂದು ಗಂಡನ ಕಡೆ ಗದ್ದ ಎತ್ತಿ ತೋರಿಸಿದಳು. ಶರೀಫಸಾಬರು ಆಗಲಿ ಎಂದು ತಲೆಯಾಡಿಸಿದರು. ಬೇರೆ ದಾರಿಯೂ ಇರಲಿಲ್ಲವೆನ್ನಿ.

ಗುರುವಾರ ಬೆಳಿಗ್ಗೆ ಇಬ್ಬರೂ ಹೊರಟೆವು. ಅವಳದು ಹಳೆಯ ಕರೀ ಲೇಡೀಸ್ ಸೈಕಲ್ಲು, ಹಿಂದೆ ಕ್ಯಾರಿಯರಿಗೆ ಸಾಮಾನಿನ ಚೀಲ. ಹೊರಡುವ ಮೊದಲೇ ನನ್ನನ್ನು ಹಿಡಿದು ನಿಲ್ಲಿಸಿದಳು.

"ಮೇಡಂ, ಮೊಣಕಾಲು ನೋಯ್ತಾವೇನ್ರಿ?"

"ಎರಡು ವರ್ಷ ಆತು. ವಯಸ್ಸಾತಲ್ಲ."

"ವಯಸ್ಸಲ್ಲ, ಸೀಟು. ಎರಡೂ ಪಾದ ನೆಲಕ್ಕ ಹತ್ತಬೇಕಂತ ಇಷ್ಟು ಕೆಳಗ ಇಟ್ಟೀರಿ. ಪೆಡಲ್ ಕೆಳಗ ಹೋದಾಗ ಕಾಲು ಹತ್ರ ಹತ್ರ ಚಾಚಬೇಕು, ಒಂಚೂರು ಮಡಿಚಿದ್ರ ಸಾಕು. ನಿಂದರಬೇಕಾದಾಗ ಸೀಟಿನಿಂದ ಮುಂದ ಇಳೀರಿ."

ಎರಡು ಬೆರಳಿನಷ್ಟು ಸೀಟು ಏರಿಸಿದಳು. ಅರ್ಧ ತಾಸಿನಲ್ಲಿ ಯಾರೋ ಕಾಲಿಗೆ ಕಟ್ಟಿದ ಗುಂಡು ಬಿಚ್ಚಿದಂತಾಯಿತು. ಎರಡು ವರ್ಷ ಮೊಣಕಾಲಿಗೆ ತೈಲ ತಿಕ್ಕಿದ್ದನ್ನು ನಾನು ಅವಳಿಗೆ ಹೇಳಲಿಲ್ಲ.

ಒಂದು ಕಡೆ ರಸ್ತೆ ದಾಟಲು ಮುಂದೆ ಹೋಗಿ ತಿರುಗಿ ಬರಬೇಕಿತ್ತು. "ಇಲ್ಲೇ ಬಲಗಡೆಯಿಂದ ಹೋಗಿಬಿಡೋಣ, ನಾಕು ಹೆಜ್ಜಿ ಅದ," ಎಂದೆ ನಾನು. "ಎದುರಿಗೆ ಬರೋ ಗಾಡಿ ಕಣ್ಣಿಗೆ ಕಾಣ್ತದಲ್ಲ, ಅದ ಛಲೋ."

ಶರೀಫಾಬಿ ಸೈಕಲ್ಲಿನಿಂದ ಇಳಿದೇ ಬಿಟ್ಟಳು. "ಎಲ್ಲಾರೂ ಹಿಂಗ ಅಂತಾರ. ನಿಮಗ ಗಾಡಿ ಕಾಣತೈತಿ ಖರೇ. ಅಡ್ಡದಾರಿಯಿಂದ ಬಂದು ರಸ್ತೆಗೆ ತಿರುಗಾವ, ಗಾಡಿ ಬರೋ ದಿಕ್ಕು ಅಷ್ಟ ನೋಡತಾನ. ನೀವು ಉಲ್ಟಾ ದಿಕ್ಕಿನಿಂದ ಬಂದ್ರ ಅವಗ ಕಾಣಾಂಗೇ ಇಲ್ಲ. ಎಡಗಡಿ ನಡೀರಿ. ಅಂಚಿಗೆ ಹತ್ತಿಕೊಂಡು ಹೋಗಬ್ಯಾಡ್ರಿ, ಒಂದ ಮೊಳ ಒಳಗ ಇರ್ರಿ. ಅಂಚಿನ್ಯಾಗ ಉಸುಕು, ಗಾಜು ಇರತಾವ. ತಪ್ಪಿಸಾಕ ಒಮ್ಮೆಲೆ ಒಳಗ ಸರಿದ್ರ ಹಿಂದಿನ ಗಾಡಿಯವನೂ ಏನ ಮಾಡಬೇಕು?"

ಮುಂದೆ ಹೋಗಿ ತಿರುಗಿ ಬಂದೆವು. ಎಂಟು ನಿಮಿಷ ಹೆಚ್ಚಾಯಿತು, ಅಷ್ಟೇ.

ಸುಳ್ಳದಲ್ಲಿ ಶಿದ್ದಪ್ಪ ನಮ್ಮಿಬ್ಬರನ್ನು ನೋಡಿ ಮೊದಲು ಮುಖ ಗಂಟಿಕ್ಕಿದ. ಶರೀಫಾಬಿ ಅದನ್ನು ಕಾಣದವಳಂತೆ ನೀರು ಕೇಳಿ ಕುಡಿದಳು.

"ಅಣ್ಣಾರ, ನಾ ಸೈಕಲ್ ಕೊಡ್ರಿ ಅಂತ ಕೇಳಾಕ ಬಂದಿಲ್ಲ. ಬರೇ ಕೆಳಗ ಇಳಿಸ್ರಿ, ನೋಡತೇನಿ. ಕೆಟ್ಟಿದ್ರ ಕೆಟ್ಟೈತಿ ಅಂತ ಹೇಳತೇನಿ. ಹುಡುಗೀದ ತಪ್ಪಿದ್ರ ನಾನೂ ನಿಮ್ಮ ಜೋಡಿ ಬೈತೇನಿ."

ಇದು ಶಿದ್ದಪ್ಪನಿಗೆ ಒಪ್ಪಿಗೆಯಾಯಿತು. ಹಗ್ಗ ಬಿಚ್ಚಿದ. ಶರೀಫಾಬಿ ಅಂಗಳದಲ್ಲಿ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಚಿಂದಿಯಿಂದ ಗಾಲಿಯ ಮಣ್ಣು ಒರೆಸಿದಳು. ಆಮೇಲೆ ಸುಮ್ಮನೆ ಹಿಂದೆ ಸರಿದು ನಿಂತಳು.

"ನೀವ ತಿರುವ್ರಿ, ನೀವ ಬ್ರೇಕ್ ಒತ್ರಿ," ಎಂದಳು ಶಿದ್ದಪ್ಪನಿಗೆ.

ಅವನು ಮುಂದಿನ ಗಾಲಿ ತಿರುವಿ ಬ್ರೇಕು ಒತ್ತಿದ. ರಬ್ಬರು ಹೋಗಿ ಗಾಲಿಯ ಅಂಚು ಹಿಡಿಯಿತು. ಗಾಲಿ ಮಾತ್ರ ನಿಲ್ಲದೆ ನುಣ್ಣಗೆ ತಿರುಗುತ್ತಲೇ ಇತ್ತು. ಇನ್ನೂ ಬಿಗಿಯಾಗಿ ಒತ್ತಿದ, ಉಳುವ ಕೈಯ ಬಲವೆಲ್ಲ ಹಾಕಿ. ಆಗಲೂ ಅದು ತನಗೆ ಬೇಕಾದಷ್ಟು ತಿರುಗಿಯೇ ನಿಂತಿತು. ಹಿಂದಿನ ಗಾಲಿಯೂ ಹಾಗೇ.

ಈ ಸಲ ನೆಲವೇ ಡೊಂಕಾಗಿತ್ತು. ಸೃಷ್ಟಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

ಶರೀಫಾಬಿ ಗಾಲಿಯ ಅಂಚಿಗೆ ಬೆರಳು ಸವರಿ ಮೂಗಿಗೆ ಹಿಡಿದಳು. "ಇದು ಗಾಡಿ ಎಣ್ಣಿ ಅಲ್ಲ. ಒಗ್ಗರಣಿ ಎಣ್ಣಿ ಐತಿ. ಶೇಂಗಾದ್ದು."

ಫಕೀರವ್ವ ಗಂಡನ ಮುಖ ನೋಡಿದಳು. "ನವಮಿ ದಿನ ನನ್ನ ಎಣ್ಣಿ ಗಿಂಡಿ ಹೊರಗ ಒಯ್ದಿದ್ದು ನೀವ ಅಲ್ಲೇನು?"

ನಮ್ಮ ಕಡೆಯ ಒಕ್ಕಲಿಗರಿಗೆ ಖಂಡೇನವಮಿ ಎಂದರೆ ಏನೆಂದು ನಿಮಗೆ ಹೇಳಬೇಕಿಲ್ಲ. ಅಂದು ಕುಡ, ಕುಡಗೋಲು, ಕೂರಿಗೆ, ಚಕ್ಕಡಿ ಎಲ್ಲಕ್ಕೂ ಸ್ನಾನ, ಎಣ್ಣೆ, ವಿಭೂತಿ, ಚೆಂಡುಹೂವು. ಶಿದ್ದಪ್ಪ ಚಕ್ಕಡಿಯ ಅಚ್ಚಿಗೆ ಕರೀ ಕೀಲೆಣ್ಣೆ ಹಚ್ಚಿದ್ದ. ಮಗಳ ಸೈಕಲ್ಲಿಗೆ ಆ ಹೊಲಸು ಎಣ್ಣೆ ಬೇಡವೆನಿಸಿತು. ದುಡಿಯುವ ಮಗಳ ಸೈಕಲ್ಲು, ಮನೆಯಲ್ಲಿ ಎಲ್ಲಕ್ಕಿಂತ ಹೊಳೆಯಬೇಕು ಎಂದು ಅಡುಗೆಮನೆಯ ಶೇಂಗಾ ಎಣ್ಣೆ ತಂದು, ಅದರಲ್ಲಿ ಅರಳೆ ಅದ್ದಿ, ಗಾಲಿಯ ಅಂಚನ್ನೆಲ್ಲ ಸುತ್ತ ತಿಕ್ಕಿದ್ದ. ಬ್ರೇಕಿನ ರಬ್ಬರಿಗೂ ಬಿಡದೆ ಹಚ್ಚಿದ್ದ.

"ಗಾಲಿ ಅಂದಮ್ಯಾಲ ಎಣ್ಣಿ ಬೇಕಲ್ರಿ," ಎಂದ ಶಿದ್ದಪ್ಪ. ದನಿ ಬಹಳ ಸಣ್ಣದಾಗಿತ್ತು.

"ಚಕ್ಕಡಿಗೆ ಬೇಕು. ಚಕ್ಕಡಿಗೆ ಬ್ರೇಕ್ ಎಲ್ಲೈತಿ ಅಣ್ಣಾರ? ಎತ್ತು ನಿಂತ್ರ ಚಕ್ಕಡಿ ನಿಂತತು. ಸೈಕಲ್ಲಿಗೆ ಎತ್ತಿಲ್ಲ. ಈ ಅಂಚು, ಈ ರಬ್ಬರು ಒಂದನ್ನೊಂದು ಹಿಡದ್ರನ ಅದು ನಿಂದರೋದು. ನಡುವ ಎಣ್ಣಿ ಬಂದ್ರ ಮುಗೀತು."

ಶಿದ್ದಪ್ಪ ಹೊಸ್ತಿಲ ಮೇಲೆ ಕೂತುಬಿಟ್ಟ. ತನ್ನ ಅಂಗೈ ನೋಡಿಕೊಂಡ. "ಅಂದ್ರ ನನ್ನ ಕೂಸಿನ ಗದ್ದಕ್ಕ ಹೊಲಿಗಿ ಹಾಕಿಸಿದ್ದು ಈ ಕೈ," ಎಂದ. ಮುಖ ಎತ್ತಲಿಲ್ಲ. ಹೊಲದಲ್ಲಿ ಏನೇ ಆದರೂ ಕಣ್ಣು ಒದ್ದೆ ಮಾಡಿಕೊಳ್ಳುವ ಗಂಡಸಲ್ಲ ಅವನು. ಅಂದು ಪಟಕಾದ ತುದಿಯಿಂದ ಕಣ್ಣೊರೆಸಿಕೊಂಡ.

ಸೃಷ್ಟಿ ಬಂದು ಅವನ ಪಕ್ಕ ಕೂತಳು. "ನಂದೂ ತಪ್ಪೈತಿ ಅಪ್ಪಾ. ಹೊರಡೋಕಿಂತ ಮೊದಲ ಬ್ರೇಕ್ ಒತ್ತಿ ನೋಡಬೇಕಂತ ಮೇಡಂ ನೂರು ಸಲ ಹೇಳ್ಯಾರ. ಅವತ್ತ ಹೊತ್ತಾಗಿತ್ತು. ಹೂವಿನ ಮಾಲಿ ತಗದು ಹಂಗ ಹತ್ತಿಬಿಟ್ಟೆ."

"ನಂದು ಎಲ್ಲಾರಕಿಂತ ದೊಡ್ಡದು," ಎಂದೆ ನಾನು. "ಕಲಿಸಿದಾಕಿ ನಾನು. ಸೈಕಲ್ ನೋಡದ ನಿನ್ನ ಮಾತು ಸುಳ್ಳು ಅಂದೆ. ತಪ್ಪಾತವಾ."

ಶರೀಫಾಬಿಗೆ ಇಷ್ಟು ಕಣ್ಣೀರು ಸಾಕಾಗಿತ್ತು. ಬಿಸಿನೀರು, ಪಾತ್ರೆ ತಿಕ್ಕುವ ಸಾಬೂನು ತರಿಸಿದಳು. ಗಾಲಿಯ ಅಂಚನ್ನು ಮೂರು ಸಲ ತೊಳೆಸಿ ಒಣಬಟ್ಟೆಯಲ್ಲಿ ಒರೆಸಿದಳು. ಎಣ್ಣೆ ಕುಡಿದ ರಬ್ಬರು ತೆಗೆದು ಹೊಸದು ಕೂಡಿಸಿದಳು. ಚೈನಿಗೆ ಮಾತ್ರ ಒಂದೊಂದು ಕೊಂಡಿಗೆ ಒಂದೊಂದು ಹನಿ ಸೈಕಲ್ ಎಣ್ಣೆ ಬಿಟ್ಟು, ಹೆಚ್ಚಾದುದನ್ನು ಬಟ್ಟೆಯಿಂದ ಒರೆಸಿದಳು. ಆಮೇಲೆ ಮತ್ತೆ ಶಿದ್ದಪ್ಪನನ್ನೇ ಕರೆದಳು. ಈ ಸಲ ಅವನು ಎರಡು ಬೆರಳಲ್ಲಿ ಒತ್ತಿದ, ಗಾಲಿ ಅಲ್ಲೇ ನಿಂತಿತು.

ಆದರೂ ಅವನ ಅನುಮಾನ ಪೂರ್ತಿ ಹೋಗಲಿಲ್ಲ. ಹೋಗಬಾರದು ಕೂಡ, ಅವನು ಅಪ್ಪ.

"ಬ್ರೇಕ್ ಸರಿ ಆತು ಅನ್ರಿ. ರಸ್ತೆ? ಲಾರಿ? ಅದೃಷ್ಟ ಛಲೋ ಇತ್ತು, ಹತ್ತಿ ಹೊಲ ಇತ್ತು."

ಫಕೀರವ್ವ ಒಳಗೆ ಹೋಗಿ ಮಗಳ ಹೆಲ್ಮೆಟ್ಟು ತಂದು ಅವನ ತೊಡೆಯ ಮೇಲಿಟ್ಟಳು. ಅದು ಬಲಗಡೆ, ಕಿವಿಯ ಮೇಲೆ, ಬೆರಳುದ್ದ ಸೀಳಿತ್ತು. ಶಿದ್ದಪ್ಪ ಆ ಬಿರುಕಿನ ಮೇಲೆ ಹೆಬ್ಬೆರಳು ಎಳೆದ. ಮೊದಲ ದಿನ ಇದನ್ನು ನೋಡಿ "ಹಗುರಂದು, ಹಾಳಾತು" ಎಂದು ಮೂಲೆಗೆ ಎಸೆದಿದ್ದನಂತೆ.

"ಅದು ಹಾಳಾಗಿಲ್ಲ ಅಣ್ಣಾರ, ತನ್ನ ಕೆಲಸ ಮಾಡೇತಿ," ಎಂದಳು ಶರೀಫಾಬಿ. "ಇನ್ನ ಅದನ್ನ ಹಾಕಬಾರದು. ಒಂದ ಸಲ ಬಡದದ್ದು ಎರಡನೇ ಸಲ ತಡೆಯಾಂಗಿಲ್ಲ. ರಸ್ತೆ ನನ್ನ ಕೈಯಾಗೂ ಇಲ್ಲ, ನಿಮ್ಮ ಕೈಯಾಗೂ ಇಲ್ಲ. ಹಿಂದ ಕೆಂಪು ದೀಪ, ಮುಂದ ಬಿಳಿ ದೀಪ, ಹೊಳೆಯೋ ಪಟ್ಟಿ, ತಲಿಗೆ ಹೆಲ್ಮೆಟ್, ಎಡಗಡಿ, ಇಳಕಲ ಬರೂಕಿಂತ ಮೊದಲ ಬ್ರೇಕ್ ಮ್ಯಾಲ ಬೆರಳು. ಇಷ್ಟು ನಮ್ಮ ಕೈಯಾಗ ಐತಿ. ನಾ ನಲವತ್ತು ವರ್ಷ ಇದರ ಮ್ಯಾಲ ಅದೇನಿ."

ನಾನು ನನ್ನ ಹೆಲ್ಮೆಟ್ಟು ಬಿಚ್ಚಿ ಸೃಷ್ಟಿಗೆ ಕೊಟ್ಟೆ. ಮನೆಯಲ್ಲಿ ಇನ್ನೊಂದು ಇತ್ತು, ಆದರೆ ಅಂದು ಬರಿತಲೆಯಲ್ಲಿ ಸೈಕಲ್ ಹೊಡೆಯುವ ಮುಖ ನನಗಿರಲಿಲ್ಲ. ಸಾಯಂಕಾಲ ಸೈಕಲ್ಲನ್ನು ಟಂಟಂ ಆಟೋದಲ್ಲಿ ಹಾಕಿಕೊಂಡೇ ಊರಿಗೆ ಬಂದೆ.

ಸೃಷ್ಟಿಯ ಮಣಿಕಟ್ಟಿನ ಬಾವು ಅಷ್ಟರಲ್ಲಿ ಇಳಿದಿತ್ತು; ಅವಳು ಅಲ್ಲೇ ಹೆಲ್ಮೆಟ್ಟು ಹಾಕಿಕೊಂಡು ಸೈಕಲ್ಲಿಗೆ ಕೈಹಾಕಿದಳು. ಶಿದ್ದಪ್ಪ ಎದ್ದು ನಿಂತ.

"ನಿಂದರು. ಮೊದಲ ನಾ."

"ಅಪ್ಪಾ, ನಿನಗ ಈ ಹ್ಯಾಂಡಲ್ ರೂಢಿ ಇಲ್ಲ."

"ನಿನ್ನ ಹುಟ್ಟಿಗಿಂತ ಮೊದಲ ಹಾಲಿನ ಕ್ಯಾನ್ ಕಟಗೊಂಡು ಹುಬ್ಬಳ್ಳಿಗೆ ಹೊಡದೇನಿ. ಆ ಹಳ್ಳದ ಇಳಕಲದಾಗ ನಿಲ್ಲತೈತಿ ಅಂತ ನಾ ನೋಡಬೇಕು. ಆಮ್ಯಾಲ ನೀ."

ಪಟಕಾ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟ. ಪಟಕಾ ಇಲ್ಲದ ಅವನ ತಲೆಯನ್ನು ಊರು ನೋಡಿದ್ದು ಕಡಿಮೆ. ಸೃಷ್ಟಿಯೇ ಹೆಲ್ಮೆಟ್ಟು ಹಾಕಿ, ಗದ್ದದ ಕೆಳಗೆ ಎರಡು ಬೆರಳು ಆಡುವಷ್ಟು ಬಿಟ್ಟು ಪಟ್ಟಿ ಬಿಗಿದಳು. ಅವನು ಧೋತರದ ಕಚ್ಚೆಯನ್ನು ಮೊಣಕಾಲಿನ ತನಕ ಎತ್ತಿ ಕಟ್ಟಿದ. ನಾವೆಲ್ಲ ಹಳ್ಳದವರೆಗೆ ಹಿಂದೆ ನಡೆದೆವು. ದಾರಿಯಲ್ಲಿ ಗುಡಿಯ ಕಟ್ಟೆಯಲ್ಲಿ ಕೂತವರೂ ಎದ್ದು ಬಂದರು, ಕಲ್ಲೇಶ ಎಲ್ಲರಿಗಿಂತ ಮುಂದೆ.

ಶಿದ್ದಪ್ಪ ಇಳಿಜಾರಿನ ಮೇಲಿನಿಂದ ಬಿಟ್ಟ. ಅರ್ಧ ಇಳಿದ ಮೇಲೆ ಎರಡೂ ಬ್ರೇಕು ಮೆಲ್ಲಗೆ, ಆಮೇಲೆ ಬಿಗಿಯಾಗಿ ಒತ್ತಿದ. ಸೈಕಲ್ಲು ಹಟಮಾರಿ ಎತ್ತಿನ ಹಾಗೆ ಕಾಲೂರಿ ನಿಂತಿತು. ಅವನು ತಿರುಗಿ ಮೇಲೆ ಬಂದ, ಮತ್ತೆ ಬಿಟ್ಟ, ಮತ್ತೆ ನಿಲ್ಲಿಸಿದ. ಮೂರನೆಯ ಸಲ ಮಾತ್ರ ಬ್ರೇಕು ಒತ್ತಲು ಸ್ವಲ್ಪ ತಡ ಮಾಡಿದ. ಅದು ಪರೀಕ್ಷೆಯಲ್ಲ, ಆಸೆ ಎಂದು ನಮಗೆಲ್ಲ ತಿಳಿಯಿತು.

"ಗಾಳಿ ಛಲೋ ಬಡೀತೈತಿ," ಎಂದ ಮೇಲೆ ಬಂದು, ನಾಚಿಕೊಂಡು.

"ಏನಪಾ ಶಿದ್ದಣ್ಣ," ಎಂದ ಕಲ್ಲೇಶ, "ಮಗಳಿಗೆ ಬ್ಯಾಡ ಅಂದು ನೀನ ಹೊಡಿಯಾಕತ್ತಿ?"

ಶಿದ್ದಪ್ಪ ಹೆಲ್ಮೆಟ್ಟು ತೆಗೆಯಲಿಲ್ಲ. ಸೈಕಲ್ಲು ಹಿಡಿದುಕೊಂಡೇ ನೆರೆದವರ ಕಡೆ ತಿರುಗಿದ.

"ಎಲ್ಲಾರೂ ಅದೀರಿ, ಕೇಳ್ರಿ. ಬ್ರೇಕ್ ಹತ್ತಲಿಲ್ಲ ಅಂತ ಸೃಷ್ಟಿ ಹೇಳಿದ್ಲು. ನಾ ನಂಬಲಿಲ್ಲ. ಆಕಿ ಖರೇನ ಹೇಳಿದ್ಲು. ಹಬ್ಬಕ್ಕ ಗಾಲಿಗೆ ಎಣ್ಣಿ ತಿಕ್ಕಿದಾವ ನಾನು. ಜೋರ ಬಿಟ್ಲು ಅಂತ ನಿಮ್ಮ ಮುಂದ ಹೇಳಿದಾವನೂ ನಾನ. ಆ ಮಾತು ವಾಪಸ್ ತಗೊಂಡೇನಿ."

ಕಲ್ಲೇಶ ನೆಲ ನೋಡಿದ. "ನಮ್ಮ ಹುಡುಗನ ಸೈಕಲ್ಲಿಗೂ ನಾ ತಿಕ್ಕೇನಲ್ಲೋ," ಎನ್ನುತ್ತ ಮನೆಯ ಕಡೆ ಲಗುಬಗೆಯಿಂದ ಹೊರಟ. ಅವನ ಹಿಂದೆಯೇ ಇನ್ನೂ ನಾಲ್ವರು ಹೋದರು. ಶರೀಫಾಬಿ ಚೀಲ ಎತ್ತಿಕೊಂಡು ಅವರ ಬೆನ್ನು ಹತ್ತಿದಳು.

ಸೋಮವಾರ ಆರೂಕಾಲಿಗೆ ನನಗೆ ಫೋನು ಬಂತು. ಸೃಷ್ಟಿ ಇರಬಹುದೆಂದುಕೊಂಡೆ, ಶಿದ್ದಪ್ಪ. "ಮುಟ್ಯಾಳಂತ ಅಕ್ಕಾರ. ಬಾಗಲಾ ತಗದಾಳಂತ," ಎಂದ. ಅಷ್ಟೇ ಹೇಳಲು ಫೋನು ಮಾಡಿದ್ದ.

ಈ ಕಥೆ ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಸೈಕಲ್ಲು ಬಡವರ ಗಾಡಿ ಎಂದು ಮೂಲೆಗಿಡಬೇಡಿ, ಅಪಾಯದ ಗಾಡಿ ಎಂದು ಜಂತಿಗೂ ಕಟ್ಟಬೇಡಿ. ನಿಮ್ಮ ಮನೆಯ ಸೈಕಲ್ಲನ್ನು ಇವತ್ತೇ ಅಂಗಳಕ್ಕೆ ತನ್ನಿ. ಗಾಲಿಯಲ್ಲಿ ಗಾಳಿ ಇದೆಯೇ ಹಿಚುಕಿ ನೋಡಿ. ಗಾಲಿ ತಿರುವಿ ಮುಂದಿನ ಬ್ರೇಕು, ಹಿಂದಿನ ಬ್ರೇಕು ಒತ್ತಿ ನೋಡಿ. ಅರ್ಧ ನಿಮಿಷದ ಕೆಲಸ, ದಿನಾ ಮಾಡಿ. ಹಬ್ಬಕ್ಕೆ ಪೂಜೆ ಅಗತ್ಯ ಮಾಡಿ, ಹೂವು ಏರಿಸಿ, ಕುಂಕುಮ ಹಚ್ಚಿ. ಎಣ್ಣೆ ಚೈನಿಗೆ ಮಾತ್ರ, ಗಾಲಿಯ ಅಂಚಿಗೆ ಒಂದು ಹನಿಯೂ ಬೇಡ. ಹೆಲ್ಮೆಟ್ಟು ಹಾಕಿ, ದೀಪ ಹಚ್ಚಿ, ಎಡಕ್ಕೆ ನಡೆಯಿರಿ. ಆಮೇಲೆ ಒಂದು ಮುಂಜಾನೆ ಮನೆಯಾಚೆ ಹತ್ತು ಕಿಲೋಮೀಟರು ಹೊಡೆದು ಬನ್ನಿ. ಉಳಿದದ್ದನ್ನು ಗಾಳಿಯೇ ನಿಮಗೆ ಹೇಳುತ್ತದೆ.

ಇನ್ನೊಂದು ಮಾತು. ಎಂದಾದರೂ ನಿಮ್ಮ ಮಗಳು ಬಿದ್ದು ಮನೆಗೆ ಬಂದು, ಬ್ರೇಕ್ ಹತ್ತಲಿಲ್ಲ ಎಂದು ಹೇಳಿದರೆ, ಮೊದಲು ಗಾಯಕ್ಕೆ ಔಷಧ ಹಚ್ಚಿ. ಆಮೇಲೆ ಹೋಗಿ ಬ್ರೇಕು ನೋಡಿ. ಬೈಯುವುದೇ ಇದ್ದರೆ ಅದಾದ ಮೇಲೆ ಬೈಯಿರಿ.